ಅಗ್ಗದ ಯುಕುಲೇಲಿಗೆ ಪಟ್ಟೆ ಬಣ್ಣ ಹಾಕುವುದು ಹೇಗೆ?

ಪ್ರಶ್ನೆ: ಮಗನಿಗೆ ಕೆಲವು ವರ್ಷಗಳ ಹಿಂದೆ ಎರಡು ಸಾವಿರ ರೂಪಾಯಿಯೊಳಗಿನ ಸೊಪ್ರಾನೊ, ಅಂದರೆ ಚಿಕ್ಕ ಅಳತೆಯ, ಯುಕುಲೇಲಿಯೊಂದನ್ನು (ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ಕೊಡಿಸಿದ್ದೆವು. ಅದರ ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ನಾದ ಮಾತ್ರ ಚೆನ್ನಾಗಿಯೇ ಇದೆ. ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರ ಕೆಂಪು ಗಿಟಾರಿನ ಮೇಲಿರುವ ಕಪ್ಪು-ಬಿಳಿ ಪಟ್ಟೆಗಳ ಹಾಗೆ ಇದಕ್ಕೂ ಬಣ್ಣ ಹಾಕಬೇಕೆಂದು ಅವನು ಹಟ ಹಿಡಿದಿದ್ದಾನೆ. ಮನೆಯಲ್ಲೇ ಮಾಡಬಹುದೇ? ಪೇಂಟ್ ಅಂಗಡಿಯವರು ಎನಾಮಲ್ ತಂದು ಬ್ರಷ್‌ನಲ್ಲಿ ಬಳಿದರೆ ಸಾಕು ಎನ್ನುತ್ತಾರೆ. ನಾದ ಕೆಡುವುದಿಲ್ಲವೇ?
– ಓದುಗರೊಬ್ಬರು, ಸಾಗರ

ಉತ್ತರ: ಮನೆಯಲ್ಲೇ ಮಾಡಬಹುದು, ಆದರೆ ಎನಾಮಲ್ ಮತ್ತು ಬ್ರಷ್ ಬೇಡ. ಎನಾಮಲ್ ದಪ್ಪವಾಗಿ ಕೂರುತ್ತದೆ, ಪೂರ್ತಿ ಗಟ್ಟಿಯಾಗಲು ಬಹಳ ದಿನ ತೆಗೆದುಕೊಳ್ಳುತ್ತದೆ, ಬ್ರಷ್ಷಿನ ಗೆರೆಗಳನ್ನೂ ಉಳಿಸುತ್ತದೆ. ಯುಕುಲೇಲಿಯಲ್ಲಿ ಅಂದಕ್ಕಿಂತ ದಪ್ಪದ ಪ್ರಶ್ನೆಯೇ ದೊಡ್ಡದು. ತಂತಿಯ ಕಂಪನವು ಬ್ರಿಡ್ಜಿನ, ಅಂದರೆ ವೀಣೆಯವರು ಕುದುರೆ ಎನ್ನುವ ಭಾಗದ, ಮೂಲಕ ಮೇಲ್ಹಲಗೆಗೆ ಇಳಿದು, ಸುಮಾರು 2 ಮಿಲಿಮೀಟರ್ ದಪ್ಪದ ಆ ಹಲಗೆ ನಡುಗಿದಾಗಲೇ ನಾದ ಹೊಮ್ಮುತ್ತದೆ. ಅದರ ಮೇಲೆ ಬಣ್ಣ ಪದರಪದರವಾಗಿ ಕೂತಷ್ಟೂ ಹಲಗೆ ಭಾರವಾಗಿ, ನಾದ ಮೊಂಡಾಗುತ್ತದೆ.

ನಿಮ್ಮ ಮಗ ಮೆಚ್ಚಿದ ಗಿಟಾರಿಗೆ ಈ ಚಿಂತೆ ಇರಲಿಲ್ಲ. ಅದು ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರು. ಅದರಲ್ಲಿ ತಂತಿಯ ಕಂಪನವನ್ನು ಅಯಸ್ಕಾಂತದ ಪಿಕಪ್ ಹಿಡಿದುಕೊಳ್ಳುವುದರಿಂದ ಮೈಮೇಲೆ ಎಷ್ಟು ಪದರ ಬಣ್ಣ ಕೂತರೂ ದೊಡ್ಡ ನಷ್ಟವಿಲ್ಲ. ವ್ಯಾನ್ ಹೇಲನ್ ಅದನ್ನು ಬಿಡಿಭಾಗಗಳಿಂದ ತಾವೇ ಜೋಡಿಸಿಕೊಂಡಿದ್ದರು. 1978ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಮ್ಮಿನ ಹೊದಿಕೆಯಲ್ಲಿ ಅದಕ್ಕೆ ಕಪ್ಪು-ಬಿಳಿ ಬಣ್ಣಗಳಷ್ಟೇ ಇದ್ದವು. ಮೊದಲು ಕಪ್ಪು ಬಳಿದು, ಟೇಪಿನ ಪಟ್ಟಿಗಳನ್ನು ಅಡ್ಡಾದಿಡ್ಡಿ ಅಂಟಿಸಿ, ಬಿಳಿ ಬಣ್ಣ ಹಾಕಿ ಟೇಪನ್ನು ಕಿತ್ತಿದ್ದರು. 1979ರಲ್ಲಿ ಅದರ ಮೇಲೆಯೇ ಮತ್ತಷ್ಟು ಟೇಪು ಅಂಟಿಸಿ ಸೈಕಲ್ಲಿಗೆ ಬಳಸುವ ಕೆಂಪು ಬಣ್ಣ ಸಿಂಪಡಿಸಿದರು. ಅಂದರೆ ಕೆಂಪು ಕಾಣುವ ಹೆಚ್ಚಿನ ಕಡೆ ಅದರಡಿ ಬಿಳಿಯೂ ಕಪ್ಪೂ ಇವೆ. ಇದೇ ಕ್ರಮವನ್ನು ಯುಕುಲೇಲಿಯ ಮೇಲೆ ಅನುಸರಿಸಿದರೆ ತಳಕ್ಕೆ ಹಾಕುವ ಪ್ರೈಮರ್, ಮೂರು ಬಣ್ಣ, ಮೇಲೊಂದು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಸೇರಿ ಹಲಗೆಯ ಮೇಲೆ ಐದು ಪದರ ಕೂರುತ್ತವೆ. ಆದ್ದರಿಂದ ವಿನ್ಯಾಸವನ್ನಷ್ಟೇ ಅವರಿಂದ ಪಡೆಯಿರಿ, ಬಣ್ಣದ ಕ್ರಮವನ್ನು ಬದಲಿಸಿಕೊಳ್ಳಿ. ನಾನು ಹೇಳುವ ಕ್ರಮದಲ್ಲಿ ಹಲಗೆಯ ಯಾವ ಜಾಗದಲ್ಲೂ ಹಳೆಯ ಬಣ್ಣದ ಮೇಲೆ ಬಿಳಿ ಪ್ರೈಮರ್, ಒಂದೇ ಒಂದು ಬಣ್ಣ ಮತ್ತು ತೆಳುವಾದ ಕ್ಲಿಯರ್ ಬಿಟ್ಟು ಬೇರೇನೂ ಇರುವುದಿಲ್ಲ.

ಮೊದಲು ವಾದ್ಯವನ್ನು ಪರೀಕ್ಷಿಸಿ. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದರೆ ತೆಳು ಪದರಗಳು ಒಂದರ ಮೇಲೊಂದು ಕಾಣುತ್ತವೆಯೇ? ಹಾಗಿದ್ದರೆ ಅದು ಪ್ಲೈವುಡ್, ಧೈರ್ಯವಾಗಿ ಕೈಹಾಕಬಹುದು. ಮರದ ಎಳೆ ಮೇಲಿನಿಂದ ಅಂಚಿನೊಳಕ್ಕೂ ಅಖಂಡವಾಗಿ ಇಳಿದಿದ್ದರೆ ಅದು ಇಡೀ ಮರದ ಹಲಗೆ, ಅಂಥದಕ್ಕೆ ಬಣ್ಣ ಬಳಿಯುವುದು ನನ್ನ ಮಟ್ಟಿಗೆ ಪಾಪದ ಕೆಲಸ. ಈ ಬೆಲೆಯ ವಾದ್ಯ ಪ್ಲೈವುಡ್ಡೇ ಆಗಿರುವ ಸಂಭವ ಹೆಚ್ಚು. ಖರ್ಚಿನ ವಿಷಯದಲ್ಲಿ ಒಂದು ಮಾತು: ಪ್ರೈಮರ್, ಎರಡು ಬಣ್ಣ, ಕ್ಲಿಯರ್, ಟೇಪು, ಉಪ್ಪುಕಾಗದ ಎಲ್ಲ ಸೇರಿದರೆ ವೆಚ್ಚ ವಾದ್ಯದ ಬೆಲೆಯ ಹತ್ತಿರಕ್ಕೇ ಬರಬಹುದು. ಹುಡುಗನ ಆಸೆಗಾಗಿ ಮಾಡುವ ಕೆಲಸ ಇದು, ಉಳಿತಾಯಕ್ಕಾಗಿ ಅಲ್ಲ.

ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಪೂರ್ತಿ ಬಿಚ್ಚಿ. ಕೆಲವು ವಾರ ತಂತಿಯಿಲ್ಲದೆ ಇದ್ದರೂ ನೈಲಾನ್ ತಂತಿಯ ಈ ಪುಟ್ಟ ವಾದ್ಯಕ್ಕೆ ತೊಂದರೆಯಿಲ್ಲ. ತಂತಿ ತೆಗೆದೊಡನೆ ಬ್ರಿಡ್ಜಿನ ಮೇಲಿರುವ ಬಿಳಿ ಸ್ಯಾಡಲ್ ತುಂಡು ಸಡಿಲವಾಗಿ ಬಿದ್ದುಬಿಡಬಹುದು. ಯಾವ ತುದಿ ಯಾವ ಕಡೆಗಿತ್ತೆಂದು ಗುರುತು ಮಾಡಿ ಎತ್ತಿಡಿ. ಬಿರಡೆಗಳನ್ನೂ ಅವುಗಳ ತಿರುಪುಗಳನ್ನೂ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಡಿ. ಬ್ರಿಡ್ಜನ್ನು ಕೀಳಲು ಹೋಗಬೇಡಿ. ಅದು ಹಲಗೆಗೆ ಅಂಟಿನಿಂದ ಕೂತಿರುತ್ತದೆ. ಕಿತ್ತು ಬಣ್ಣದ ಮೇಲೆ ಮತ್ತೆ ಅಂಟಿಸಿದರೆ ಅಂಟು ಹಿಡಿಯುವುದು ಮರವನ್ನಲ್ಲ, ಬಣ್ಣವನ್ನು. ತಂತಿ ಬಿಗಿದ ಮೇಲೆ ಬಣ್ಣದ ಸಮೇತ ಬ್ರಿಡ್ಜ್ ಎದ್ದುಬರುತ್ತದೆ. ಬ್ರಿಡ್ಜಿಗೂ ಫ್ರೆಟ್‌ಬೋರ್ಡಿಗೂ (ಕುತ್ತಿಗೆಯ ಮೇಲೆ ಬೆರಳೊತ್ತುವ ಪಟ್ಟಿ) ಟೇಪು ಸುತ್ತಿ, ನಾದರಂಧ್ರಕ್ಕೆ ಸ್ಪಂಜನ್ನೋ ಪತ್ರಿಕೆಯ ಉಂಡೆಯನ್ನೋ ತುರುಕಿ. ಕುತ್ತಿಗೆಯ ಹಿಂಭಾಗಕ್ಕೆ ಬಣ್ಣ ಬೇಡವೆಂಬುದು ನನ್ನ ಸಲಹೆ, ಏಕೆಂದರೆ ಬೆವರಿದ ಕೈ ಅಲ್ಲಿ ಜಾರುವ ಬದಲು ಅಂಟಿಕೊಳ್ಳುತ್ತದೆ.

ಹಳೆಯ ಬಣ್ಣವನ್ನು ಮರ ಕಾಣುವವರೆಗೆ ತೆಗೆಯಬೇಕಾಗಿಲ್ಲ. ಪ್ಲೈವುಡ್ಡಿನ ಮೇಲ್ಪದರ ಬಹಳ ತೆಳು. ಹುರುಪಿನಿಂದ ಉಜ್ಜಿದರೆ ಅದೇ ಹರಿದು ಕೆಳಗಿನ ಪದರ ಇಣುಕುತ್ತದೆ. 320 ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗಿ ಮೈ ಮಂಕಾಗುವಷ್ಟು ಉಜ್ಜಿದರೆ ಸಾಕು. ಬಣ್ಣ ಎದ್ದುಹೋದ ಕಡೆ ಅಂಚನ್ನು ಇಳಿಜಾರಾಗಿ ಉಜ್ಜಿ, ಗುಳಿಗಳಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ 400ರ ಕಾಗದದಿಂದ ಸಮ ಮಾಡಿ. ಬಳಿಕ ಧೂಳನ್ನೂ ಕೈಯೆಣ್ಣೆಯನ್ನೂ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಅಲ್ಲಿಂದಾಚೆ ಬರಿಗೈ ತಾಗಿಸಬೇಡಿ.

ಅಕ್ರಿಲಿಕ್ ಸ್ಪ್ರೇ ಡಬ್ಬಿಗಳನ್ನೇ ಕೊಳ್ಳಿ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಕಂಪನಿಯದಾಗಿದ್ದರೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮಹಡಿಯ ಮೇಲೋ ಅಂಗಳದಲ್ಲೋ ಗಾಳಿಯಾಡುವ ಕಡೆ, ಮಗನನ್ನು ದೂರ ನಿಲ್ಲಿಸಿ ಕೆಲಸ ಮಾಡಿ. ಧೂಳಿಗೆ ಹಾಕುವ ಸಾಮಾನ್ಯ ಮಾಸ್ಕ್ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಡಬ್ಬಿಯನ್ನು 25 ಸೆಂಟಿಮೀಟರ್ ದೂರದಲ್ಲಿ ಹಿಡಿದು, ವಾದ್ಯದ ಅಂಚಿನಾಚೆಯೇ ಗುಂಡಿ ಒತ್ತಿ, ಕೈಯನ್ನು ನಿಲ್ಲಿಸದೆ ಎಳೆದು, ಮತ್ತೊಂದು ಅಂಚಿನಾಚೆ ಬಿಡಿ. ಮೊದಲ ಕೈ ಮುಗಿದಾಗ ಹಳೆಯ ನೀಲಿ ಇನ್ನೂ ಕಾಣುತ್ತಿರಬೇಕು. ಒಂದೇ ಸಲಕ್ಕೆ ಮುಚ್ಚಿಬಿಡಬೇಕೆಂಬ ಆತುರದಿಂದಲೇ ಬಣ್ಣ ಸೋರುವುದು. ಹತ್ತು-ಹದಿನೈದು ನಿಮಿಷದ ಅಂತರದಲ್ಲಿ ಎರಡು ಮೂರು ತೆಳುಕೈಗಳಲ್ಲಿ ಬಿಳಿ ಪ್ರೈಮರ್ ಹಾಕಿ ಒಂದು ದಿನ ಬಿಡಿ. ಈ ಪ್ರೈಮರೇ ನಿಮ್ಮ ಬಿಳಿ ಪಟ್ಟೆಯೂ ಆಗುತ್ತದೆ. ಮೇಲೆ ಕೆಂಪು ಹಾಕಿದಾಗ ಅದು ಮಂಕಾಗದೆ ಉಜ್ಜ್ವಲವಾಗಿ ಕಾಣಲು ಬಿಳಿ ನೆಲವೇ ಬೇಕು.

ಪಟ್ಟೆಗಳ ವಿನ್ಯಾಸವನ್ನು ವಾದ್ಯದ ಮೇಲೆ ನೇರವಾಗಿ ಶುರುಮಾಡದೆ, ಅದರ ಆಕಾರವನ್ನು ಕಾಗದದ ಮೇಲೆ ಬರೆದುಕೊಂಡು ಬಣ್ಣದ ಪೆನ್ಸಿಲ್ಲಿನಿಂದ ಮಗನೇ ನಿರ್ಧರಿಸಲಿ. ಅಡ್ಡಾದಿಡ್ಡಿಯಾಗಿ ಕಾಣುವ ಆ ಗಿಟಾರಿನ ಪಟ್ಟೆಗಳಲ್ಲೂ ಅಗಲ ಮತ್ತು ಕಿರಿದು, ಉದ್ದ ಮತ್ತು ಗಿಡ್ಡ ಎಂಬ ವ್ಯತ್ಯಾಸವಿದೆ. ಎಲ್ಲ ಪಟ್ಟೆಗಳೂ ಒಂದೇ ಅಗಲದಲ್ಲಿದ್ದರೆ ಆ ಕಳೆ ಬರುವುದಿಲ್ಲ. ಸೊಪ್ರಾನೊದ ಮೇಲ್ಹಲಗೆ ಚಿಕ್ಕದಾದ್ದರಿಂದ ಏಳೆಂಟು ಪಟ್ಟೆ ಮೀರದಿರಲಿ.

ಈಗ ಕಪ್ಪು ಪಟ್ಟೆಗಳು. ಪಟ್ಟೆ ಬರಬೇಕಾದ ಜಾಗದ ಎರಡೂ ಬದಿಗೆ ಟೇಪು ಅಂಟಿಸಿ, ಉಳಿದ ಮೈಯನ್ನೆಲ್ಲ ಕಾಗದದಿಂದ ಮುಚ್ಚಿ. ಸಾಧಾರಣ ಮಾಸ್ಕಿಂಗ್ ಟೇಪಿನ ಮೈ ಸುಕ್ಕುಸುಕ್ಕಾಗಿರುವುದರಿಂದ ಅದರಡಿಗೆ ಬಣ್ಣ ನುಗ್ಗಿ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಅಂಚಿಗೆ ನುಣುಪಾದ ವಿನೈಲ್ ಟೇಪನ್ನು ಬಳಸಿ. ಎಲೆಕ್ಟ್ರಿಷಿಯನ್ನರ ಇನ್ಸುಲೇಷನ್ ಟೇಪೂ ಆದೀತು, ಅದು ಸ್ವಲ್ಪ ಹಿಗ್ಗುವುದರಿಂದ ಪಕ್ಕದ ಬಾಗಿನ ಮೇಲೂ ಸುಕ್ಕಿಲ್ಲದೆ ಕೂರುತ್ತದೆ. ಉಗುರಿನಿಂದ ಅಂಚನ್ನು ಉದ್ದಕ್ಕೂ ಒತ್ತಿದ ಮೇಲೆ ಕಪ್ಪನ್ನು ತಕ್ಷಣ ಸಿಂಪಡಿಸದೆ, ಟೇಪಿನ ಅಂಚಿನ ಮೇಲೆ ಅದೇ ಬಿಳಿಯನ್ನು ಒಮ್ಮೆ ತೆಳುವಾಗಿ ಹಾಯಿಸಿ. ಎಲ್ಲಾದರೂ ಸಂದು ಉಳಿದಿದ್ದರೆ ಅದರೊಳಗೆ ನುಗ್ಗುವುದು ಬಿಳಿ, ಅದೂ ಬಿಳಿಯ ಮೇಲೆಯೇ. ಆಮೇಲೆ ಬರುವ ಕಪ್ಪಿಗೆ ದಾರಿ ಮುಚ್ಚಿರುತ್ತದೆ. ಕೆಲಸದಲ್ಲಿ ಬೇರೇನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಕಪ್ಪನ್ನು ಎರಡು ತೆಳುಕೈ ಹಾಕಿ, ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ನೇರವಾಗಿ ಮೇಲಕ್ಕೆ ಎತ್ತಿದರೆ ಅಂಚಿನ ಬಣ್ಣವೂ ಜೊತೆಗೇ ಎದ್ದುಬರುತ್ತದೆ.

ಕಪ್ಪಿನ ಮೇಲೆ ಟೇಪು ಅಂಟಿಸಬೇಕಾದ್ದರಿಂದ ಕನಿಷ್ಠ ಒಂದು ದಿನ ಕಾಯಿರಿ. ನಂತರ ಕಪ್ಪು ಪಟ್ಟೆಗಳನ್ನೂ ಬಿಳಿಯಾಗಿ ಉಳಿಯಬೇಕಾದ ಪಟ್ಟೆಗಳನ್ನೂ ಟೇಪಿನಿಂದ ಮುಚ್ಚಿ. ಈ ಸಲ ಟೇಪಿನಡಿ ಎರಡು ಬಣ್ಣಗಳಿರುವುದರಿಂದ ಅಂಚನ್ನು ಮುಚ್ಚಲು ಬಿಳಿಯ ಬದಲು ಕ್ಲಿಯರ್ ಹಾಯಿಸಿ, ಆಮೇಲೆ ಕೆಂಪನ್ನು ಸಿಂಪಡಿಸಿ ಮೊದಲಿನಂತೆಯೇ ಟೇಪು ತೆಗೆಯಿರಿ. ಬ್ರಿಡ್ಜಿನ ಸುತ್ತಲಿನ ಟೇಪನ್ನು ಎಳೆಯುವ ಮುನ್ನ ಹಲಗೆಯೂ ಬ್ರಿಡ್ಜೂ ಕೂಡುವ ಗೆರೆಯ ಮೇಲೆ ಬ್ಲೇಡಿನ ಮೊನೆಯನ್ನು ಬಹಳ ಹಗುರವಾಗಿ ಆಡಿಸಿದರೆ ಬಣ್ಣ ಅಲ್ಲಿ ಚೂರಾಗಿ ಏಳುವುದಿಲ್ಲ.

ಮತ್ತೊಂದು ದಿನ ಬಿಟ್ಟು ಎರಡು ತೆಳುಕೈ ಕ್ಲಿಯರ್ ಹಾಕಿ. ಪಟ್ಟೆಗಳ ಅಂಚು ಬೆರಳಿಗೆ ತುಸು ತಟ್ಟುತ್ತದೆ. ಕ್ಲಿಯರ್ ಗಟ್ಟಿಯಾದ ಮೇಲೆ 1000ದ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಸವರಿದರೆ ಅದು ಇಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟರೂ ನಷ್ಟವಿಲ್ಲ. ಮಾದರಿಯ ಗಿಟಾರೇ ಒರಟೊರಟು. ಒಂದು ವಾರ ಕಳೆದ ಮೇಲೆ ಬಿರಡೆ, ಸ್ಯಾಡಲ್ ಕೂಡಿಸಿ ಹೊಸ ತಂತಿ ಏರಿಸಿ. ಹೊಸ ನೈಲಾನ್ ಕೆಲವು ದಿನ ಹಿಗ್ಗುತ್ತಲೇ ಇರುವುದರಿಂದ ಶ್ರುತಿ ಇಳಿಯುತ್ತದೆ. ಅದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಜುಲೈ ತಿಂಗಳಲ್ಲಿ ಯುಕುಲೇಲಿಗೆ ಸ್ಪ್ರೇ ಬಣ್ಣ ಹಾಕಿ ಮೇಲೆ ಲ್ಯಾಕರ್ (ಬೇಗ ಒಣಗುವ ಹೊಳಪಿನ ಲೇಪ) ಹೊಡೆದೆ. ಕಪ್ಪು ಪಟ್ಟೆಗಳ ಮೇಲೆ ಹಾಲಿನಂಥ ಮಬ್ಬು ಕವಿದಿದೆ, ಒಂದು ಕಡೆ ಬಣ್ಣ ಸುಕ್ಕುಗಟ್ಟಿದೆ. ಎಲ್ಲವನ್ನೂ ಕೆರೆದು ತೆಗೆಯಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಲ್ಯಾಕರಿನ ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತುಂಬಿರುವ ತೇವ ಆ ತಂಪಿನ ಮೇಲೆ ಇಬ್ಬನಿಯಾಗಿ ಇಳಿದು ಲೇಪದೊಳಗೆ ಸಿಕ್ಕಿಹಾಕಿಕೊಂಡಾಗ ಮಬ್ಬು ಕಾಣುತ್ತದೆ. ಕೆರೆಯುವ ಅಗತ್ಯವಿಲ್ಲ. ಮಳೆ ಬಿಟ್ಟು ಒಣ ಬಿಸಿಲು ಬಂದ ದಿನ ಅದೇ ಲ್ಯಾಕರನ್ನು ಅತಿ ತೆಳುವಾಗಿ ಒಮ್ಮೆ ಹಾಯಿಸಿದರೆ ಮೇಲ್ಪದರ ಮೆದುವಾಗಿ, ಒಳಗಿನ ತೇವ ಹೊರಬಿದ್ದು, ಮಬ್ಬು ಸಾಮಾನ್ಯವಾಗಿ ಕರಗುತ್ತದೆ. ನಿಮ್ಮ ಊರಿನಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಸರಿ.

ಸುಕ್ಕಿಗೆ ಕಾರಣ ಬೇರೆ. ಅಡಿಯ ಬಣ್ಣ ಅರೆ ಒಣಗಿದ್ದಾಗ, ಅಥವಾ ಅದು ಎನಾಮಲ್ ಆಗಿದ್ದಾಗ, ಮೇಲಿನ ಲ್ಯಾಕರಿನ ಖಾರವಾದ ಥಿನ್ನರ್ ಅದರೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ. ಮುಂದಿನ ಕೈಯನ್ನು ಎಷ್ಟು ಹೊತ್ತಿನೊಳಗೆ, ಇಲ್ಲವೇ ಎಷ್ಟು ಹೊತ್ತಿನ ನಂತರ ಹಾಕಬೇಕೆಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ನಡುವಿನ ಅವಧಿಯೇ ಅಪಾಯದ್ದು. ಸುಕ್ಕಿದ ಜಾಗ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬಿಟ್ಟು, ಅಷ್ಟು ಭಾಗವನ್ನು ಮಾತ್ರ 400ರ ಕಾಗದದಿಂದ ಸಮ ಮಾಡಿ, ಪ್ರೈಮರಿನಿಂದ ಮತ್ತೆ ಆರಂಭಿಸಿ.

ಪ್ರಶ್ನೆ: ರಾಸಾಯನಿಕ ಬಣ್ಣದ ಬದಲು ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವ ಅರಗಿನ ಬಣ್ಣದಲ್ಲೇ ಯುಕುಲೇಲಿಗೆ ಪಟ್ಟೆ ಹಾಕಿಸಬಹುದೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಆಸೆ ಚೆನ್ನಾಗಿದೆ, ಆದರೆ ವಾದ್ಯದ ಒಡಲಿಗೆ ಅದು ಸಾಧ್ಯವಿಲ್ಲ. ಚನ್ನಪಟ್ಟಣದಲ್ಲಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಲೇತಿನ ಮೇಲೆ ರಭಸದಿಂದ ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ, ಪಟ್ಟೆಗಳು ಅಷ್ಟು ಅಚ್ಚುಕಟ್ಟಾಗಿ ಬರುವುದೂ ಆ ತಿರುಗುವಿಕೆಯಿಂದಲೇ. ಯುಕುಲೇಲಿಯ ಒಡಲು ಚಪ್ಪಟೆ, ಅದನ್ನು ಲೇತಿಗೆ ಕೂಡಿಸುವಂತಿಲ್ಲ. ಅರಗನ್ನು ಬೇರೆ ರೀತಿಯಲ್ಲಿ ಕಾಯಿಸಿ ಹಚ್ಚಲು ಹೋದರೆ ತೆಳುಹಲಗೆಯ ಅಂಟೇ ಸಡಿಲವಾಗಬಹುದು. ಆದರೆ ನಿಮ್ಮ ವಾದ್ಯದ ಬಿರಡೆಗಳು ಹಲ್ಲುಗಾಲಿಯಿಲ್ಲದ ನೇರ ಬಿರಡೆಗಳಾಗಿದ್ದು, ಅವುಗಳ ಹಿಡಿಯನ್ನು ತಿರುಪು ಬಿಚ್ಚಿ ತೆಗೆಯಬಹುದಾದರೆ, ಅಳತೆಗೆ ಒಂದು ಹಳೆಯ ಹಿಡಿಯನ್ನೇ ಒಯ್ದು ನಾಲ್ಕು ಗುಂಡನೆಯ ಹಿಡಿಗಳನ್ನು ಅಲ್ಲಿನ ಕುಶಲಕರ್ಮಿಗಳಿಂದ ಪಟ್ಟೆ ಸಮೇತ ಮಾಡಿಸಿಕೊಳ್ಳಿ. ತಿರುಪು ಹಾಯುವ ರಂಧ್ರವನ್ನು ಅರಗು ಹಚ್ಚುವ ಮೊದಲೇ ಕೊರೆಯಲು ಹೇಳಿ. ಆಮೇಲೆ ಕೊರೆದರೆ ಅಂಚಿನ ಅರಗು ಸಿಡಿಯುತ್ತದೆ.