ಹಲಸಿನ ಹಲಗೆಗೆ ಎಪಾಕ್ಸಿ ರೆಸಿನ್ ಹೊಯ್ದು ಮಾಡಿದ ಟ್ರೇ ಅಂಟಂಟಾಗಿದೆ, ಗುಳ್ಳೆ ಬಂದಿದೆ ಅಂದಿದ್ರಲ್ಲ, ಅದಕ್ಕೆ

ಅಕ್ಕ, ಟ್ರೇ ಎಸೀಬೇಡಿ, ಸರಿ ಮಾಡಬಹುದು. ಆಗಿದ್ದು ಎರಡು ಬೇರೆ ಬೇರೆ ತೊಂದರೆ. ಹಲಗೆ ಅಂಚಲ್ಲಿ ಗುಳ್ಳೆ ಸಾಲು ಬಂದಿದ್ದು ಒಂದು, ಮೂರು ದಿನ ಆದ್ರೂ ಮೇಲೆ ಅಂಟು ಹೋಗದೇ ಇರೋದು ಇನ್ನೊಂದು.

ಮೊದ್ಲು ಅಂಟಿಂದು ನೋಡಿ. ಗ್ಲೌಸ್ ಹಾಕ್ಕೊಂಡು ಉಗುರಲ್ಲಿ ಒತ್ತಿ. ಒಳಗೆ ಗಟ್ಟಿ ಇದ್ದು ಮೇಲೆ ಮಾತ್ರ ಎಣ್ಣೆ ಸವರಿದ ಹಾಗೆ ಜಿಡ್ಡು ಇದ್ರೆ ಅದು ಮಳೆಗಾಲದ ತೇವಕ್ಕೆ ಹಾರ್ಡ್ನರ್ (ರೆಸಿನ್ ಗಟ್ಟಿ ಆಗೋಕೆ ಅದಕ್ಕೆ ಕಲಸೋ ಎರಡನೇ ದ್ರವ) ಕಟ್ಟಿದ ಪೊರೆ ಅಷ್ಟೇ, ಉಗುರುಬೆಚ್ಚಗಿನ ಸೋಪ್ ನೀರಲ್ಲಿ ತೊಳೆದು ಒರೆಸಿ ಚೆನ್ನಾಗಿ ಒಣಗಿದ್ಮೇಲೆ 220 ನಂಬರಿನ ಸ್ಯಾಂಡ್ ಪೇಪರ್ ಹಾಕಿ. ತೊಳೀದೇ ಉಜ್ಜಿದ್ರೆ ಜಿಡ್ಡು ಎಲ್ಲಾ ಕಡೆ ಹರಡ್ತದೆ. ಉಗುರು ಒಳಗೇ ಇಳಿದ್ರೆ ಮಾತ್ರ ಅಳತೆ ತಪ್ಪಿದೆ ಇಲ್ಲಾ ಸರಿಯಾಗಿ ಕಲಸಿಲ್ಲ ಅಂತ ಅರ್ಥ, ಅದು ಎಷ್ಟು ದಿನ ಕಾದ್ರೂ ಗಟ್ಟಿ ಆಗೂದಿಲ್ಲ. ಮೆತ್ತಗಿರೋದನ್ನ ಪೂರ್ತಿ ಕೆರೆದು ತೆಗೆದು, ಅಸಿಟೋನಲ್ಲಿ ಒರೆಸಿ, ಹೊಸದಾಗಿ ಹೊಯ್ಯಬೇಕು.

ನಂದೂ ಮೊದಲನೇ ಟ್ರೇ ಹಾಗೇ ಆಗಿತ್ತು, ಅಲ್ಲಲ್ಲಿ ನಾಲ್ಕಾಣೆ ಅಗಲದಷ್ಟು ಮೆತ್ತಗೆ. ಕಲಸೋ ಕಪ್ಪಿನ ಗೋಡೆಗೆ ಅಂಟಿಕೊಂಡಿದ್ದ ಕಲಸದ ರೆಸಿನ್ನನ್ನೂ ಕಡ್ಡಿಯಲ್ಲಿ ಬಳಿದು ಹಾಕಿದ್ದೆ, ಅದು ಬಿದ್ದ ಜಾಗ ಅಷ್ಟೂ ಅಂಟು. ಈಗ ಒಂದು ಕಪ್ಪಲ್ಲಿ ನಾಲ್ಕೈದು ನಿಮಿಷ ನಿಧಾನ, ಗೋಡೆ ತಳ ಎಲ್ಲಾ ಕೆರೀತಾ ಕಲಸಿ, ಇನ್ನೊಂದು ಒಣ ಕಪ್ಪಿಗೆ ಬಗ್ಗಿಸಿ ಅಲ್ಲಿ ಮತ್ತೆ ಒಂದೆರಡು ನಿಮಿಷ ಕಲಸ್ತೇನೆ. ಡಬ್ಬಿ ಮೇಲೆ 2:1 (ರೆಸಿನ್ ಎರಡು ಪಾಲು, ಹಾರ್ಡ್ನರ್ ಒಂದು ಪಾಲು) ಅಂತ ಇದ್ರೆ ಅದು ತೂಕಕ್ಕೋ ಎಂಎಲ್ ಅಳತೆಗೋ ಓದ್ಕೊಳ್ಳಿ, ಎರಡೂ ಒಂದೇ ಅಲ್ಲ. ಬೇಗ ಗಟ್ಟಿ ಆಗ್ಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದ್ರೆ ಕೆಟ್ಟೇ ಹೋಗ್ತದೆ.

ಇನ್ನು ಗುಳ್ಳೆ. ಅದು ಕಲಸಿದಾಗ ಬಂದಿದ್ದಲ್ಲ, ಮರದ ಒಳಗಿಂದ ಬಂದ ಗಾಳಿ. ರೆಸಿನ್ ಗಟ್ಟಿ ಆಗೋವಾಗ ಬಿಸಿ ಆಗ್ತದೆ, ಆ ಬಿಸಿಗೆ ಹಲಗೆ ರಂಧ್ರದ ಗಾಳಿ ಹೊರಗೆ ಬರ್ತದೆ. ಅದಕ್ಕೆ ಮೊದ್ಲು ಹಲಗೆಗೆ, ಮುಖ್ಯವಾಗಿ ಅಂಚಿಗೆ, ಬ್ರಷ್ಷಲ್ಲಿ ತೆಳು ಕೋಟ್ ರೆಸಿನ್ ಬಳಿದು ಗಟ್ಟಿ ಆಗೋಕೆ ಬಿಟ್ಟು, ಆಮೇಲೆ ದೊಡ್ಡ ಹೊಯ್ತ. ಅಂಚಿನ ತೊಗಟೆ ಪೂರ್ತಿ ತೆಗೀರಿ, ಎಷ್ಟು ಚಂದ ಕಂಡ್ರೂ ಅದು ನಾಳೆ ಬಿಡೋದೇ. ಈಗಿರೋ ಗುಳ್ಳೆಯನ್ನ ಸಣ್ಣ ಡ್ರಿಲ್ ಬಿಟ್ಟಲ್ಲಿ ಬಿಡಿಸಿ, ಕಡ್ಡಿ ತುದಿಯಿಂದ ರೆಸಿನ್ ತುಂಬಿ ಉಜ್ಜಿದ್ರೆ ಗೊತ್ತೂ ಆಗೂದಿಲ್ಲ.

ಆದ್ರೆ ಇದೆಲ್ಲಕ್ಕಿಂತ ಮುಂಚಿಂದು ಹಲಗೆ ಒಣಗೋದು. ಸಾಮಿಲ್ಲಿಂದ ತಂದು ಎರಡು ತಿಂಗಳಾಯ್ತು ಅಂದ್ರಿ, ಕುಮಟೆ ಸಮುದ್ರದ ಗಾಳಿಗೆ ಅದು ಏನೂ ಸಾಲದು. ತೇವ ಇದ್ದಲ್ಲಿ ರೆಸಿನ್ ಸರಿ ಹಿಡಿಯೂದಿಲ್ಲ, ಆಮೇಲೆ ಮರ ಕುಗ್ಗಿ ಮಧ್ಯೆ ಕೂದಲೆಳೆ ಬಿರುಕು ಬೀಳ್ತದೆ. ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇದ್ರೆ 12%ಗಿಂತ ಕೆಳಗೆ ಬರಲಿ, ಇಲ್ದಿದ್ರೆ ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಹಲಗೆ ಮೇಲೇ ಪೆನ್ಸಿಲಲ್ಲಿ ಬರೀರಿ, ತೂಕ ಇಳಿಯೋದು ನಿಲ್ಲೋ ತನಕ ಕಾಯಿರಿ. ಮಳೆಗಾಲದಲ್ಲಿ ತೂಕ ನಿಂತ್ರೂ ನಂಬಬೇಡಿ, ಗಾಳಿಯೇ ಒದ್ದೆ ಇರ್ತದೆ. ನಮ್ಮನೇಲಿ ಅಡಿಕೆ ಒಣಗಿಸೋ ಅಟ್ಟದಲ್ಲಿ ಇಡ್ತೇನೆ, ಹಲಗೆ ಹಲಗೆ ನಡುವೆ ಗಾಳಿ ಆಡೋಕೆ ಮರದ ಪಟ್ಟಿ ಕೊಟ್ಟು. ಹೊಯ್ಯೋ ಕೆಲ್ಸ ಎಲ್ಲಾ ದೀಪಾವಳಿ ಕಳೆದ್ಮೇಲೇ.

ರೆಸಿನ್ ಎಷ್ಟು ಬೇಕು ಅಂತನೂ ಕೇಳಿದ್ರಿ. ರೆಸಿನ್ ತುಂಬೋ ಖಾಲಿ ಜಾಗ 40 ಸೆಂ.ಮೀ. ಉದ್ದ, 6 ಅಗಲ, 2 ಆಳ ಇದ್ರೆ ಗುಣಿಸಿ 480 ಎಂಎಲ್, ತೂಕದಲ್ಲಿ ಸುಮಾರು 530 ಗ್ರಾಂ, ಹತ್ತು ಪರ್ಸೆಂಟ್ ಜಾಸ್ತಿ ಇಟ್ಕೊಳ್ಳಿ. ಅಷ್ಟು ಆಳಕ್ಕೆ ಕೋಟಿಂಗ್ ರೆಸಿನ್ (ತೆಳುವಾಗಿ ಬಳಿಯೋಕಿರೋದು) ಒಂದೇ ಸಲ ಹೊಯ್ಯಬೇಡಿ, ಬಿಸಿ ಏರಿ ಹಳದಿ ಆಗಿ ಸೀಳ್ತದೆ, ಆಳಕ್ಕೆ ಹೊಯ್ಯೋಕೆ ಡೀಪ್ ಪೋರ್ ಅಂತ ಸಿಗೋ ರೆಸಿನ್ನನ್ನೇ ತನ್ನಿ. ಮನೆಯಲ್ಲಿ ಮಕ್ಕಳಿದ್ದಾರೆ ಅಂದ್ರಲ್ಲ, ಹೊಯ್ಯೋದು ಉಜ್ಜೋದು ಹೊರಗೆ ಜಗಲಿಯಲ್ಲೇ ಆಗಲಿ, ಉಜ್ಜೋವಾಗ ಮಾಸ್ಕ್ ಖಂಡಿತ ಬೇಕು.

ಟ್ರೇ ರೆಡಿ ಆದ್ಮೇಲೂ ಒಂದು ವಾರ ಬಳಸಬೇಡಿ. ಚಾ ಕಪ್ಪು, ತಟ್ಟೆ ಇಡೋಕೆ ಅಡ್ಡಿಲ್ಲ, ಒಲೆಯಿಂದ ಇಳಿಸಿದ ಪಾತ್ರೆ ಮಾತ್ರ ನೇರ ಇಡಬೇಡಿ, ರೆಸಿನ್ ಮೆತ್ತಗಾಗಿ ಗುರುತು ಬೀಳ್ತದೆ. ಉಗುರು ಒತ್ತಿ ಏನಾಯ್ತು ಅಂತ ಇಲ್ಲೇ ಹಾಕಿ, ಹತ್ತಿರದಿಂದ ಒಂದು ಫೋಟೋನೂ ಇರ್ಲಿ.