ತಗ್ಗಾದ ನೆಲಕ್ಕೆ ದಪ್ಪ ಫೋಮ್ ಸಾಕೇ?

ಪ್ರಶ್ನೆ: ನಮ್ಮದು ಹಳೇ ಮನೆ. ಕೆಳಗಿನ 12 ಅಡಿಗೆ 10 ಅಡಿ ಕೋಣೆಗೆ ಲ್ಯಾಮಿನೇಟ್ ಹಲಗೆ ಹಾಸಬೇಕು ಅಂತಿದ್ದೇವೆ. ರೆಡ್ ಆಕ್ಸೈಡ್ ನೆಲ ಕಿಟಕಿ ಕಡೆ ತಗ್ಗಾಗಿದೆ. ಹಲಗೆಯ ಕೆಳಗೆ ದಪ್ಪ ಫೋಮ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಕೆಲಸದವರು. ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಒಪ್ಪಬೇಡಿ. ಫೋಮ್ ಇರುವುದು ಹೆಜ್ಜೆಯ ಸದ್ದು ತಗ್ಗಿಸಲು, ತಗ್ಗು ತುಂಬಲು ಅಲ್ಲ. ಅದು ದಪ್ಪವಾದಷ್ಟೂ ಕಾಲಿಟ್ಟಾಗ ಹಲಗೆ ಜಾಸ್ತಿ ಬಗ್ಗುತ್ತದೆ. ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು ತೆಳ್ಳಗಿರುತ್ತದೆ, ಅಲ್ವಾ? ದಿನಾ ಬಗ್ಗಿ ಬಗ್ಗಿ ಮೊದಲು ಮುರಿಯುವುದೇ ಅದು.

ಮೇಸ್ತ್ರಿಯಿಂದ 2 ಮೀಟರ್ ಅಲ್ಯೂಮಿನಿಯಂ ಪಟ್ಟಿ ತರಿಸಿ ನೆಲದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಪಟ್ಟಿಯ ಕೆಳಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಇಡೀ ಕೋಣೆ ಒಂದೇ ಸಮನಾಗಿ ಸ್ವಲ್ಪ ಇಳಿಜಾರಾಗಿದ್ದರೆ ಚಿಂತೆಯಿಲ್ಲ. ನೆಲ ತಟ್ಟಿಯೂ ನೋಡಿ. ಟೊಳ್ಳು ಸದ್ದಿನ ಜೊತೆಗೆ ಬಿರುಕೂ ಇದ್ದರೆ ಅಡಿಯ ಮಣ್ಣು ಕುಸಿದಿರಬಹುದು. ಆಗ ಆ ಭಾಗ ಒಡೆದು, ಮಣ್ಣು ದಮ್ಮಸ್ಸು ಮಾಡಿ, ಹೊಸದಾಗಿ ಕಾಂಕ್ರೀಟ್ ಹಾಕಿಸಬೇಕು.

ನಿಮ್ಮ ಕಡೆಯ ಮಳೆ ನೆನೆದರೆ ನನಗೆ ತಗ್ಗಿಗಿಂತ ತೇವದ್ದೇ ಚಿಂತೆ. ಬೇಸಿಗೆಯಲ್ಲಿ ಹಾಸಿದ ಹಲಗೆ ಮಳೆಗಾಲದಲ್ಲಿ ಅಂಚು ಉಬ್ಬಿ ಕೀಳಬೇಕಾಗಿ ಬಂದ ಮಲೆನಾಡಿನ ಮನೆಗಳನ್ನು ನೋಡಿದ್ದೇನೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ಕೆಳಗೆ ನೀರಹನಿ ಕಂಡರೆ ಅಥವಾ ನೆಲದ ಬಣ್ಣ ಗಾಢವಾದರೆ ತೇವ ಏರುತ್ತಿದೆ. ಈ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ತೇವ ಇದ್ದರೆ ಮೊದಲು ಅದನ್ನು ತಡೆಯುವ ಎಪಾಕ್ಸಿ ಲೇಪ ಹಾಕಿಸಿ. ನೀರು ಜಾಸ್ತಿ ಒಸರುವ ನೆಲವಾದರೆ ಲ್ಯಾಮಿನೇಟ್ ಬೇಡವೇ ಬೇಡ, ಟೈಲ್ಸ್ ಹಾಕಿಸಿ.

ನೆಲ ಒಣಗಿದ್ದರೆ ತಗ್ಗು ತುಂಬಲು ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ನೀರಲ್ಲಿ ಕಲಸಿ ಸುರಿದರೆ ತಾನೇ ಹರಡಿ ಮಟ್ಟವಾಗುವ ಸಿಮೆಂಟ್ ಪುಡಿ) ಸುರಿಯಬಹುದು. ಆದರೆ ರೆಡ್ ಆಕ್ಸೈಡಿನ ನುಣುಪಿಗೆ ಅದು ಕಚ್ಚುವುದಿಲ್ಲ. ಗ್ರೈಂಡರಿನಿಂದ ಹೊಳಪು ತೆಗೆದು, ಧೂಳು ಪೂರಾ ಹೀರಿಸಿ, ಪ್ರೈಮರ್ ಬಳಿಯಲೇಬೇಕು. ಉಜ್ಜಿದ ಮೇಲೆ ಆ ಕೆಂಪು ಹೊಳಪು ಮತ್ತೆ ಬರುವುದಿಲ್ಲ. ಅಂಥ ನೆಲ ಈಗ ಮಾಡುವವರೂ ಕಡಿಮೆ. ಹಾಗಾಗಿ ಮನೆಯವರೆಲ್ಲ ಕೂತು ಮಾತಾಡಿಕೊಂಡೇ ಗ್ರೈಂಡರ್ ತರಿಸಿ.

1 ಚದರ ಮೀಟರಿಗೆ 1 ಮಿಲಿಮೀಟರ್ ದಪ್ಪಕ್ಕೆ ಸುಮಾರು 1.7 ಕೆಜಿ ಪುಡಿ ಬೇಕು. ನಿಮ್ಮ ಕೋಣೆ ಸುಮಾರು 11 ಚದರ ಮೀಟರ್. ಸರಾಸರಿ 3 ಮಿಲಿಮೀಟರ್ ಆದರೆ 25 ಕೆಜಿಯ ಮೂರು ಚೀಲ ತನ್ನಿ. ನೀರು ಚೀಲದ ಮೇಲೆ ಬರೆದಷ್ಟೇ. ಸಲೀಸಾಗಿ ಹರಿಯಲಿ ಅಂತ ಸುಮ್ನೆ ಜಾಸ್ತಿ ಸುರಿದರೆ ಮೇಲ್ಪದರ ಪುಡಿಪುಡಿಯಾಗುತ್ತದೆ.

ಹಲಗೆ ಹಾಸುವಾಗ ಗೋಡೆಯ ಸುತ್ತ 10 ಮಿಲಿಮೀಟರ್ ಸಂದು ಬಿಡಿಸಿ. ಕಾಂಪೌಂಡ್, ತೆಳು ಫೋಮ್, ಹಲಗೆ ಎಲ್ಲ ಸೇರಿ ನೆಲ ಒಂದು ಸೆಂಟಿಮೀಟರಿಗಿಂತ ಜಾಸ್ತಿಯೇ ಏರುತ್ತದೆ. ಬಾಗಿಲು ಕೋಣೆಯ ಒಳಕ್ಕೆ ತೆರೆಯುವಂತಿದ್ದರೆ ಅದರ ಅಡಿ ಹೆರೆಯಲು ಬಡಗಿಗೆ ಈಗಲೇ ಹೇಳಿಡಿ.