ಐರನ್ ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ

ಮಾತ್ರೆ ತಗೊಳ್ಳುವ ಹೊತ್ತಿನಲ್ಲೇ ಎಡವಟ್ಟಾಗಿರಬೇಕು. ನಿಮ್ಮ ತಂಗಿ ಐದು ತಿಂಗಳ ಬಸುರಿ, ಎರಡು ತಿಂಗಳಿಂದ ಐರನ್ ಮಾತ್ರೆ, ಆದರೂ ಹಿಮೋಗ್ಲೋಬಿನ್ 8.6 ಗ್ರಾಂ ದಾಟಿಲ್ಲ ಅಂದಿರಿ. ಬೆಳಗ್ಗೆ ಕಾಫಿ ಕುಡಿದು, ಕ್ಯಾಲ್ಸಿಯಂ ಜೊತೆಗೇ ನುಂಗುತ್ತಾರೆ ಅಂತಲೂ ಬರೆದಿದ್ದೀರಿ. ಕಾಫಿ, ಕ್ಯಾಲ್ಸಿಯಂ ಎರಡೂ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಚಿಂತಾಮಣಿಯ ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಮೊದಲು ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಹಾಕಿ, ಕನಿಷ್ಠ ಎರಡು ಗಂಟೆ ಅಂತರ ಇರಲಿ. ಐರನ್ ಮಾತ್ರೆಗೆ ನಿಂಬೆ ಪಾನಕ ಒಳ್ಳೆಯದು. ವಾಕರಿಕೆ ಬಂದರೆ ರಾತ್ರಿ ಊಟ ಆದಮೇಲೆ ತಗೊಳ್ಳಲಿ, ಸುಮ್ನೆ ಬಿಟ್ಟುಬಿಡುವುದು ಬೇಡ. ಮಲ ಕಪ್ಪಾದರೆ ಗಾಬರಿ ಬೇಡ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು ತಿನ್ನಲಿ, ಆದರೆ ಬರೀ ಅದರಿಂದ 8.6 ಏರುವುದಿಲ್ಲ.

ಆಮೇಲೆ ಈ ವಾರವೇ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿ. ಇಷ್ಟು ಕಡಿಮೆ ಇದ್ದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಮಾತ್ರೆ ಬರೆಯುತ್ತಾರೆ. ಒಂದೇ ಕೊಟ್ಟಿದ್ದರೆ ಕೇಳಿ. ಜಂತುಹುಳುವಿನ ಮಾತ್ರೆ ಆಗಿದೆಯಾ ಅಂತಲೂ ವಿಚಾರಿಸಿ.

ಕಾರಣ ವಿಟಮಿನ್ ಬಿ12 ಕೊರತೆಯೋ ತಲಸ್ಸೇಮಿಯಾವೋ (ವಂಶದಿಂದ ಬರುವ ರಕ್ತದ ಕಾಯಿಲೆ) ಇರಬಹುದು, ರಕ್ತ ಪರೀಕ್ಷೆ ಇಲ್ಲದೆ ಹೇಳಲಾಗದು. ಸರಿಯಾಗಿ ತಗೊಂಡು ತಿಂಗಳಾದರೂ 1 ಗ್ರಾಂ ಏರದಿದ್ದರೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. 7ಕ್ಕಿಂತ ಇಳಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.